ಬುತ್ತಿಗೆ ಸುತ್ತುವ ಬೆಳ್ಳಿಹಾಳೆ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಒಂದು ಘಟನೆ ನಡೆಯಿತು. ಘಟನೆಯೆಂದರೆ ಅದು ದೊಡ್ಡ ಮಾತಾದೀತು. ರಾತ್ರಿ ಉಳಿದ ಹುಣಸೆಹಣ್ಣಿನ ಗೊಜ್ಜು ಸ್ಟೀಲಿನ ಡಬ್ಬಿಯಲ್ಲಿತ್ತು. ಡಬ್ಬಿಯ ಮುಚ್ಚಳ ನೆರೆಮನೆಗೆ ಹೋದದ್ದು ಮರಳಿ ಬಂದಿರಲಿಲ್ಲ. ನನ್ನ ಬುತ್ತಿಗೆಂದು ತಂದಿದ್ದ ಅಲ್ಯುಮಿನಿಯಂ ಹಾಳೆಯ ಒಂದು ತುಂಡನ್ನು ಅವ್ವ ಅದರ ಬಾಯಿಗೆ ಬಿಗಿದು ಮಲಗಿದಳು. ಮುಂಜಾನೆ ನೋಡಿದರೆ ಹಾಳೆಯ ನಡುವೆ, ಗೊಜ್ಜು ತಗಲಿದ ಕಡೆಯಲ್ಲೆಲ್ಲ, ಸೂಜಿಯಿಂದ ಚುಚ್ಚಿದಂಥ ತೂತುಗಳು. ಸುತ್ತಲೂ ಬೂದುಬಣ್ಣದ ಕಲೆ. ಇಲಿ ಕಡಿದದ್ದಲ್ಲ, ಇರುವೆ ಕೊರೆದದ್ದೂ ಅಲ್ಲ.

“ತನ್ನನ್ನ ತಾನ ತಿನ್ನೂ ಹಾಳಿ ಇದು. ಇದರಾಗ ಸುತ್ತಿದ ರೊಟ್ಟಿ ಹುಡುಗನ ಹೊಟ್ಟಿಗೆ ಹಾಕ್ತೀಯೇನ?” ಎಂದು ಅಜ್ಜಿ ಅವ್ವನನ್ನು ಕೇಳಿದಳು. ಅವ್ವ ನನ್ನ ಮುಖ ನೋಡಿದಳು. “ಕಾಲೇಜು ಕಲಿಯಾಕತ್ತೀಯಲ್ಲ, ನೀನ ಹೇಳಪಾ” ಎಂದಳು. ನಮ್ಮ ಮನೆತನದಲ್ಲಿ ಹತ್ತನೆಯ ಇಯತ್ತೆಯನ್ನು ದಾಟಿದವನು ನಾನೊಬ್ಬನೇ. ಊರಿನ ಅರ್ಜಿ, ಬ್ಯಾಂಕಿನ ಕಾಗದ, ಔಷಧದ ಚೀಟಿ ಏನೇ ಬರಲಿ, ಓದಿ ಹೇಳುವ ಪಾಳಿ ನನ್ನದು. ಆ ದಿನ ಮಾತ್ರ ನನ್ನ ಬಾಯಿಂದ ಉತ್ತರ ಬರಲಿಲ್ಲ. ಹೈಸ್ಕೂಲಿನಲ್ಲಿ ಓದಿದ ರಸಾಯನಶಾಸ್ತ್ರ ಅಲ್ಲಿಗೇ ಉಳಿದಿತ್ತು, ಬಿ.ಎ. ತರಗತಿಯ ಇತಿಹಾಸ ಈ ತೂತಿನ ವಿಷಯವಾಗಿ ಏನನ್ನೂ ಹೇಳುವದಿಲ್ಲ. ಅಂದಿನಿಂದ ಅವ್ವ ಹಾಳೆಯನ್ನು ಮಾಡದಲ್ಲಿಟ್ಟು ಮತ್ತೆ ಬಟ್ಟೆಯಲ್ಲಿಯೇ ರೊಟ್ಟಿ ಕಟ್ಟತೊಡಗಿದಳು. ಗ್ರಂಥಾಲಯದಲ್ಲಿ ಹುಡುಕಿ, ಬಿ.ಎಸ್‌ಸಿ. ಓದುತ್ತಿರುವ ಗೆಳೆಯನನ್ನು ಕಾಡಿ, ಕೆಲವನ್ನು ಮನೆಯಲ್ಲಿಯೇ ಮಾಡಿ ನೋಡಿ ನಾನು ತಿಳಿದುಕೊಂಡಷ್ಟನ್ನು ವಾಚಕರ ಮುಂದೆ ಇಡುತ್ತೇನೆ.

ಮೊದಲು ಹೆಸರಿನ ಮಾತು. ನಮ್ಮ ಕಡೆಯ ಹಿರಿಯರು ಅಲ್ಯುಮಿನಿಯಂ ಪಾತ್ರೆಗೆ ‘ಜರ್ಮನ್’ ಎನ್ನುವರು. ನಿಜವಾದ ಹೆಸರಿನ ಮೂಲ ನಮ್ಮ ಹಜಾಮರ ಅಂಗಡಿಯಲ್ಲಿದೆ. ಗಡ್ಡ ಹೆರೆದ ಮೇಲೆ ಕೆನ್ನೆಗೆ ತಿಕ್ಕುವ ಪಟಕವೆಂಬ ಕಲ್ಲು ಈ ಲೋಹದ ಒಂದು ಲವಣ. ಲ್ಯಾಟಿನ್ ಭಾಷೆಯಲ್ಲಿ ಪಟಕಕ್ಕೆ ‘ಅಲ್ಯುಮೆನ್’ ಎನ್ನುತ್ತಾರೆ. ಅದರೊಳಗೆ ಒಂದು ಲೋಹವಿರಬೇಕೆಂದು ಊಹಿಸಿದ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಅದರಿಂದಲೇ ಹೆಸರನ್ನು ಕಟ್ಟಿದನು. ಭೂಮಿಯ ಮೇಲ್ಪದರದಲ್ಲಿ ನೂರಕ್ಕೆ ಸುಮಾರು ೮ ಪಾಲು ಈ ಲೋಹವೇ ಇದೆ. ಕಬ್ಬಿಣ ಕೂಡ ಇಷ್ಟಿಲ್ಲ. ನಮ್ಮ ಎರೆಹೊಲದ ಕರಿಮಣ್ಣಿನ ಜಿಗುಟು ಭಾಗದಲ್ಲಿ ಅಲ್ಯುಮಿನಿಯಂ ಉಂಟು. ಡಂಬಳದ ದೊಡ್ಡಬಸಪ್ಪನ ಗುಡಿಯನ್ನು ಕಡೆದ ಹಸಿರುಗಪ್ಪು ಮೆದುಗಲ್ಲಿನಲ್ಲಿಯೂ ಉಂಟು. ಆದರೆ ಮಣ್ಣಿನಲ್ಲಿ ಅದು ಆಮ್ಲಜನಕವನ್ನು ಬಿಗಿಯಾಗಿ ತಬ್ಬಿಕೊಂಡು ಕುಳಿತಿರುವದರಿಂದ ಬಿಡಿಸುವದು ಬಹು ಕಷ್ಟ. ಕಬ್ಬಿಣವನ್ನು ಇದ್ದಿಲಿನ ಒಲೆಯಲ್ಲಿ ಕರಗಿಸಲು ಸಾವಿರಾರು ವರ್ಷಗಳ ಹಿಂದೆಯೇ ಕಲಿತ ಮನುಷ್ಯನು ಅಲ್ಯುಮಿನಿಯಂ ಮುಖ ಕಂಡದ್ದು ೧೮೨೫ರಲ್ಲಿ, ಡೆನ್ಮಾರ್ಕಿನ ಓರ್ಸ್ಟೆಡ್ ಎಂಬವನ ಪ್ರಯೋಗಶಾಲೆಯಲ್ಲಿ.

ಮುಂದೆ ಅರವತ್ತು ವರ್ಷ ಅದು ಶ್ರೀಮಂತರ ಲೋಹವಾಗಿ ಉಳಿಯಿತು. ಫ್ರಾನ್ಸಿನ ಮೂರನೆಯ ನೆಪೋಲಿಯನ್ ತನ್ನ ಅತಿ ಗೌರವದ ಅತಿಥಿಗಳಿಗೆ ಅಲ್ಯುಮಿನಿಯಂ ಚಮಚಗಳನ್ನೂ ಉಳಿದವರಿಗೆ ಚಿನ್ನದವನ್ನೂ ಇಡಿಸುತ್ತಿದ್ದನೆಂದು ಹೇಳುವದುಂಟು. ಅಮೇರಿಕೆಯ ವಾಷಿಂಗ್ಟನ್ ಸ್ಮಾರಕದ ತುದಿಗೆ ೧೮೮೪ರಲ್ಲಿ ಕಳಶದಂತೆ ಕೂಡಿಸಿದ್ದು ಇದೇ ಲೋಹದ ಒಂದು ಗಟ್ಟಿ. ಇಂಥದನ್ನು ಇಂದು ರೊಟ್ಟಿಗೆ ಸುತ್ತಿ, ಉಂಡ ಮೇಲೆ ಮುದುಡಿ ಒಗೆಯುತ್ತೇವೆ!

ಬೆಲೆ ಇಳಿದದ್ದು ೧೮೮೬ರಲ್ಲಿ. ಅಮೇರಿಕೆಯ ಚಾರ್ಲ್ಸ್ ಮಾರ್ಟಿನ್ ಹಾಲ್, ಫ್ರಾನ್ಸಿನ ಪಾಲ್ ಹೆರೂ ಎಂಬಿಬ್ಬರು ಒಬ್ಬರಿಗೊಬ್ಬರು ಅರಿಯದೆಯೇ ಒಂದೇ ಉಪಾಯವನ್ನು ಕಂಡುಹಿಡಿದರು. ಕರಗಿದ ಕ್ರಯೊಲೈಟ್ ಎಂಬ ಖನಿಜದಲ್ಲಿ ಅಲ್ಯುಮಿನವನ್ನು ಕರಗಿಸಿ ವಿದ್ಯುತ್ತನ್ನು ಹರಿಸಿದರೆ ಲೋಹವು ತಳಕ್ಕಿಳಿಯುತ್ತದೆ. ಇಬ್ಬರೂ ೧೮೬೩ರಲ್ಲಿ ಹುಟ್ಟಿದವರು. ಇಬ್ಬರೂ ೧೯೧೪ರಲ್ಲಿ ತೀರಿಕೊಂಡರು. ಈ ಶೋಧ ಮಾಡುವಾಗ ಹಾಲ್‌ಗೆ ೨೨ ವರ್ಷ, ಹೆರೂಗೆ ೨೩. ಹಾಲ್ ತನ್ನ ಮನೆಯ ಕಟ್ಟಿಗೆಯ ಕೊಟ್ಟಿಗೆಯಲ್ಲಿ ಅಕ್ಕ ಜೂಲಿಯಳ ನೆರವಿನಿಂದ ಕೆಲಸ ಮಾಡಿದನು. ಆಕೆಯೂ ರಸಾಯನಶಾಸ್ತ್ರ ಓದಿದವಳು. ನಮ್ಮ ಹಾಸ್ಟೆಲಿನ ಕೆಲವು ಮಿತ್ರರ ವಯಸ್ಸು ಇದಕ್ಕಿಂತ ಹೆಚ್ಚಿದೆಯೆಂದು ಹೇಳಿದರೆ ಅವರು ನನ್ನ ಮೇಲೆ ಸಿಟ್ಟಾಗಬಾರದು.

ಈ ಕತೆಯಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. ಅಲ್ಯುಮಿನಿಯಂ ಅದಿರಿಗೆ ಬಾಕ್ಸೈಟ್ ಎಂದು ಹೆಸರು. ಬೆಳಗಾವಿ ಸೀಮೆಯಲ್ಲಿ, ಘಟ್ಟದ ಅಂಚಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ, ಅದು ದೊರೆಯುತ್ತದೆ. ಅದನ್ನು ನೆಚ್ಚಿ ಇಂಡಿಯನ್ ಅಲ್ಯುಮಿನಿಯಂ ಕಂಪನಿಯು ೧೯೬೦ರ ದಶಕದ ಕೊನೆಗೆ ಬೆಳಗಾವಿಯಲ್ಲಿ ಕಾರಖಾನೆಯನ್ನು ಕಟ್ಟಿತು. ಈಗ ಅದು ಹಿಂಡಾಲ್ಕೊ ಕಂಪನಿಯ ಒಡೆತನದಲ್ಲಿದೆ. ಅಲ್ಲಿ ತಯಾರಾಗುವದು ಲೋಹವಲ್ಲ, ಅಲ್ಯುಮಿನ ಎಂಬ ಬಿಳಿಯ ಪುಡಿ. ಸ್ಥೂಲವಾಗಿ ನಾಲ್ಕು ಟನ್ನು ಬಾಕ್ಸೈಟಿನಿಂದ ಎರಡು ಟನ್ನು ಅಲ್ಯುಮಿನ, ಅದರಿಂದ ಒಂದು ಟನ್ನು ಲೋಹ ಎಂದು ಲೆಕ್ಕ. ಪುಡಿಯನ್ನು ಲೋಹ ಮಾಡುವ ಹಂತವೇ ವಿದ್ಯುತ್ತನ್ನು ಕುಡಿಯುವ ಹಂತ: ಒಂದು ಕಿಲೊ ಲೋಹಕ್ಕೆ ಸುಮಾರು ೧೪ ಯೂನಿಟ್ ಬೇಕು.

ಹಾಳೆ ಮಾಡುವ ಬಗೆ ನಮ್ಮ ಅವ್ವಂದಿರಿಗೆ ಸುಲಭವಾಗಿ ತಿಳಿಯುವಂಥದು. ಜೋಳದ ರೊಟ್ಟಿಯನ್ನು ಬಡಿಯುವ ಕೈಗಳಿಗಲ್ಲ, ಚಪಾತಿ ಲಟ್ಟಿಸುವ ಕೈಗಳಿಗೆ. ಲೋಹದ ದಪ್ಪ ಗಟ್ಟಿಯನ್ನು ಕಾಯಿಸಿ ಉಕ್ಕಿನ ಉರುಳೆಗಳ ನಡುವೆ ಒತ್ತುತ್ತಾರೆ. ತೆಳುವಾದ ಮೇಲೆ ಕಾಯಿಸದೆಯೇ ಮತ್ತೆ ಮತ್ತೆ ಒತ್ತುತ್ತಾರೆ. ಕೊನೆಯ ಸುತ್ತಿನಲ್ಲಿ ಹಾಳೆ ಬಹಳ ತೆಳುವಾಗಿ ಹರಿದುಹೋಗುವ ಸಂಭವವಿರುವದರಿಂದ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಉರುಳೆಯೊಳಗೆ ಬಿಡುತ್ತಾರೆ. ನುಣುಪಾದ ಉರುಳೆಗೆ ತಗಲಿದ ಹೊರಮೈ ಕನ್ನಡಿಯಂತೆ ಹೊಳೆಯುತ್ತದೆ. ಒಂದಕ್ಕೊಂದು ಅಂಟಿದ್ದ ಒಳಮೈ ಮಂಕಾಗಿ ಉಳಿಯುತ್ತದೆ. ಹಾಳೆಗೆ ಎರಡು ಬಗೆಯ ಮೈ ಇರುವದರ ಗುಟ್ಟು ಇಷ್ಟೇ. ಹೊಳೆಯುವ ಮೈ ಒಳಗಿರಬೇಕೋ ಹೊರಗಿರಬೇಕೋ ಎಂದು ನಮ್ಮ ಬಸ್ಸಿನಲ್ಲಿ ಒಮ್ಮೆ ದೊಡ್ಡ ವಾದವೇ ನಡೆದಿತ್ತು. ಮನೆಬಳಕೆಗೆ ಯಾವ ಮೈ ಎಲ್ಲಿದ್ದರೂ ವ್ಯತ್ಯಾಸ ಗೊತ್ತಾಗುವಷ್ಟಿಲ್ಲ. ಕೊನೆಗೆ ಹಾಳೆಯನ್ನು ಕುಲುಮೆಯಲ್ಲಿ ಹದವಾಗಿ ಕಾಯಿಸುತ್ತಾರೆ; ಇದರಿಂದ ಉರುಳೆಯ ಎಣ್ಣೆ ಹೋಗಿ ಹಾಳೆ ಮೆತ್ತಗಾಗುತ್ತದೆ, ಮಡಚಿದ ಕಡೆ ನಿಲ್ಲುತ್ತದೆ.

ಇಂಥ ಹಾಳೆ ಮೊದಲು ಹೊರಬಿದ್ದದ್ದು ೧೯೧೦ರ ಸುಮಾರಿಗೆ ಸ್ವಿಟ್ಜರ್ಲೆಂಡಿನಲ್ಲಿ. ಮರುವರ್ಷವೇ ಅಲ್ಲಿಯ ಟೊಬ್ಲರ್ ಎಂಬ ಚಾಕಲೇಟ್ ಕಂಪನಿ ಅದನ್ನು ಬಳಸತೊಡಗಿತು. ಅದಕ್ಕೂ ಮೊದಲು ತವರದ ಹಾಳೆ ಇತ್ತು. ಅದು ತಿನಿಸಿಗೆ ಲೋಹದ ರುಚಿ ಹತ್ತಿಸುತ್ತಿತ್ತು. ಇಂದು ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಹಾಳೆ ೧೧ ಮೈಕ್ರಾನ್ ದಪ್ಪದ್ದು, ಅಂದರೆ ಒಂದು ಮಿಲಿಮೀಟರಿನ ತೊಂಬತ್ತನೆಯ ಒಂದು ಪಾಲು. ಒಂಬತ್ತು ಮೀಟರ್ ಉದ್ದದ, ೩೦ ಸೆಂಟಿಮೀಟರ್ ಅಗಲದ ಸುರುಳಿಯಲ್ಲಿ ಇರುವ ಲೋಹ ಬರೀ ೮೦ ಗ್ರಾಮ್! ಅದನ್ನು ಅಲ್ಯುಮಿನದಿಂದ ಬಿಡಿಸಲು ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ತು ವೆಚ್ಚವಾಗಿರುತ್ತದೆ.

ನಮ್ಮವರಿಗೆ ಹೊಳೆಯುವ ತೆಳುತಗಡು ಹೊಸದೇನಲ್ಲ. ಕಾರಹುಣ್ಣಿಮೆಯ ದಿನ ಎತ್ತಿನ ಕೋಡಿಗೆ, ಮದುವೆಯಲ್ಲಿ ಬಾಸಿಂಗಕ್ಕೆ ಹಚ್ಚುವ ಬೇಗಡೆ ಇದರ ಅಣ್ಣನೇ ಸರಿ. ಈಗ ಸಂತೆಯಲ್ಲಿ ಬರುವ ಬೇಗಡೆ ಬಹುಮಟ್ಟಿಗೆ ಪ್ಲಾಸ್ಟಿಕ್. ಅದರ ಮೇಲೆ ಅಲ್ಯುಮಿನಿಯಂನ ಹೊಗೆಯಷ್ಟು ತೆಳುವಾದ ಲೇಪವಿರುತ್ತದೆ. ಬಿಸ್ಕೀಟು, ಚುರುಮರಿ ಪೊಟ್ಟಣಗಳ ಒಳಮೈಯೂ ಹೀಗೆಯೇ. ಗುರುತಿಸುವ ಉಪಾಯ ಸುಲಭ: ಅಂಗೈಯಲ್ಲಿ ಮುದುಡಿ ಬಿಡಿರಿ. ನಿಜವಾದ ಲೋಹದ ಹಾಳೆ ಮುದುಡಿದಂತೆಯೇ ಇರುತ್ತದೆ; ಪ್ಲಾಸ್ಟಿಕ್ಕಾದರೆ ತಾನಾಗಿ ಅರಳುತ್ತದೆ. ಗುಳಿಗೆಯ ಪಟ್ಟಿಯ ಬೆನ್ನಿಗಿರುವದು ನಿಜವಾದ ಹಾಳೆ. ನಂದಿನಿಯ ಗುಡ್‌ಲೈಫ್ ಹಾಲು ಫ್ರಿಜ್ ಇಲ್ಲದೆ ಉಳಿಯುವದಕ್ಕೂ, ಹಾಲನ್ನು ಅತಿಯಾಗಿ ಕಾಯಿಸಿ ತುಂಬುವದರ ಜೊತೆಗೆ, ಪೊಟ್ಟಣದ ಪದರುಗಳ ನಡುವಿನ ಅಲ್ಯುಮಿನಿಯಂ ಪದರು ಕಾರಣ. ಬೆಳಕು, ಗಾಳಿ, ತೇವ ಈ ಮೂರನ್ನೂ ಅದು ಒಳಗೆ ಬಿಡದು.

ಇನ್ನು ಆ ತೂತುಗಳ ವಿಷಯ. ಅಲ್ಯುಮಿನಿಯಂ ತುಕ್ಕು ಹಿಡಿಯುವದಿಲ್ಲವೆಂದು ನಾವು ತಿಳಿದಿದ್ದೇವೆ. ನಿಜವಾಗಿ ಅದು ಕಬ್ಬಿಣಕ್ಕಿಂತ ಬೇಗ ಗಾಳಿಯೊಡನೆ ಕೂಡುತ್ತದೆ; ಆದರೆ ಹಾಗೆ ಹುಟ್ಟಿದ ಪದರು, ಕಣ್ಣಿಗೆ ಕಾಣದಷ್ಟು ತೆಳುವಾದರೂ, ಬಿಗಿಯಾಗಿ ಮೈಗಂಟಿ ಕವಚವಾಗುತ್ತದೆ. ಒಳಗಿನ ಲೋಹಕ್ಕೆ ಗಾಳಿ ತಗಲದು. ಈ ಕವಚವನ್ನು ಮುರಿಯುವ ವೈರಿಗಳು ಮೂರು: ಹುಳಿ, ಉಪ್ಪು, ಸುಣ್ಣದಂಥ ಕ್ಷಾರ. ಗೊಜ್ಜಿನಲ್ಲಿ ಹುಳಿ, ಉಪ್ಪು ಎರಡೂ ಇದ್ದವು. ಅದರ ಮೇಲೆ ಡಬ್ಬಿ ಸ್ಟೀಲಿನದು. ಎರಡು ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡು, ನಡುವೆ ಉಪ್ಪು ಹುಳಿಯ ದ್ರವವಿದ್ದರೆ ಅದು ಟಾರ್ಚಿನ ಶೆಲ್ಲಿನಂತೆಯೇ ಕೆಲಸ ಮಾಡುತ್ತದೆ. ಅಂಥಲ್ಲಿ ಸವೆಯುವ ಪಾಳಿ ಅಲ್ಯುಮಿನಿಯಂದು. ನಾವು ಮಲಗಿದ್ದಾಗ ನಮ್ಮ ಗೊಜ್ಜಿನ ಡಬ್ಬಿ ಸದ್ದಿಲ್ಲದೆ ವಿದ್ಯುತ್ತನ್ನು ಉತ್ಪಾದಿಸುತ್ತಿತ್ತು! ಹಾಳೆಯಿಂದ ಹೋದ ಲೋಹ ಗೊಜ್ಜಿಗೆ ಇಳಿಯಿತು. ಅದೇ ಗೊಜ್ಜನ್ನು ಗಾಜಿನ ಬಟ್ಟಲಿನಲ್ಲಿಟ್ಟು ಮುಚ್ಚಿದ್ದರೆ ತೂತು ಇಷ್ಟು ಬೇಗ ಬೀಳುತ್ತಿರಲಿಲ್ಲ. ಹುಳಿ ತಗಲಿದ ಕಡೆ ಸ್ವಲ್ಪ ಸವೆತವಂತೂ ಆಗುತ್ತಿತ್ತು.

ಹಾಗಾದರೆ ವಿಷವೇ? ಅಜ್ಜಿಯ ಪ್ರಶ್ನೆಗೆ ಒಂದೇ ಶಬ್ದದಲ್ಲಿ ಉತ್ತರ ಕೊಡಲಾಗದು. ನೀರು, ಚಹಾ, ಕಾಯಿಪಲ್ಲೆ ಎಲ್ಲದರಲ್ಲಿಯೂ ತುಸು ಅಲ್ಯುಮಿನಿಯಂ ಇದ್ದೇ ಇರುತ್ತದೆ. ಉಂಡದ್ದರಲ್ಲಿ ಅತ್ಯಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಸೇರಿದ್ದನ್ನು ಮೂತ್ರಪಿಂಡಗಳು ಹೊರಗೆ ಹಾಕುತ್ತವೆ. ವಿಶ್ವ ಆರೋಗ್ಯ ಸಂಸ್ಥೆ, ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ಸಮಿತಿಯು ೨೦೧೧ರಲ್ಲಿ ಹಾಕಿದ ಮಿತಿ, ದೇಹದ ತೂಕದ ಪ್ರತಿ ಕಿಲೊಗೆ ವಾರಕ್ಕೆ ೨ ಮಿಲಿಗ್ರಾಮ್. ಯುರೋಪಿನ ಸಮಿತಿಯು ೨೦೦೮ರಲ್ಲಿ ಇನ್ನೂ ಬಿಗಿಯಾಗಿ ೧ ಮಿಲಿಗ್ರಾಮ್ ಎಂದಿತ್ತು. ಐವತ್ತು ಕಿಲೊ ತೂಗುವ ನನ್ನಂಥವನಿಗೆ ವಾರಕ್ಕೆ ೫೦ರಿಂದ ೧೦೦ ಮಿಲಿಗ್ರಾಮ್ ಆಯಿತು. ಒಣ ರೊಟ್ಟಿಯನ್ನು ಸುತ್ತಿದ ಹಾಳೆಯಿಂದ ಬರುವದು ಇದರ ಮುಂದೆ ಲೆಕ್ಕಕ್ಕೇ ಇಲ್ಲ. ಮರೆವಿನ ರೋಗಕ್ಕೆ ಅಲ್ಯುಮಿನಿಯಂ ಕಾರಣವೆಂಬ ಮಾತು ಬಹಳ ದಿನದಿಂದ ಓಡಾಡುತ್ತಿದೆ, ಅದು ಸಿದ್ಧವಾಗಿಲ್ಲ. ಆದರೆ ಮೂತ್ರಪಿಂಡ ಕೆಟ್ಟವರ ಮಾತು ಬೇರೆ. ಅವರ ದೇಹದಿಂದ ಈ ಲೋಹ ಹೊರಗೆ ಹೋಗುವದಿಲ್ಲ. ೧೯೭೦ರ ದಶಕದಲ್ಲಿ ಡಯಾಲಿಸಿಸ್ ನೀರಿನೊಳಗಿನ ಅಲ್ಯುಮಿನಿಯಂನಿಂದ ಹಲವರ ಮೆದುಳು, ಎಲುಬು ಕೆಟ್ಟದ್ದು ವೈದ್ಯರು ಕಂಡ ಸಂಗತಿ. ಅಂಥವರಿದ್ದ ಮನೆಯಲ್ಲಿ ವೈದ್ಯರನ್ನು ಕೇಳಿ ನಡೆಯತಕ್ಕದ್ದು.

ಆದುದರಿಂದ ಹಾಳೆಯಲ್ಲಿ ರೊಟ್ಟಿ, ಚಪಾತಿ, ಶೇಂಗಾ ಹೋಳಿಗೆ, ಒಣ ಪಲ್ಲೆ ಸುತ್ತಬಹುದು. ಉಪ್ಪಿನಕಾಯಿ, ಲಿಂಬೆ ಹಿಂಡಿದ ಚಿತ್ರಾನ್ನ, ಟೊಮೇಟೊ ಚಟ್ನಿ, ಹುಳಿ ಮಜ್ಜಿಗೆ ಬೆರೆಸಿದ ಅನ್ನ ಇವುಗಳನ್ನು ಸುತ್ತಬಾರದು. ಸುಣ್ಣದ ಮಾತನ್ನು ಅಜ್ಜಿ ನಂಬಲಿಲ್ಲವಾದ್ದರಿಂದ ಅವಳ ಎಲೆಚೀಲದಿಂದಲೇ ತುಸು ಹಸಿ ಸುಣ್ಣವನ್ನು ತೆಗೆದು ಹಾಳೆಗೆ ಹಚ್ಚಿಟ್ಟೆನು. ಸ್ವಲ್ಪ ಹೊತ್ತಿಗೆ ಸಣ್ಣ ಗುಳ್ಳೆ ಎದ್ದವು; ಮುಂದೆ ಹಾಳೆ ಕಪ್ಪಗಾಗಿ ಮುಟ್ಟಿದರೆ ಹರಿಯಿತು. ಆ ಗುಳ್ಳೆ ಹೈಡ್ರೋಜನ್, ಉರಿಯುವ ಅನಿಲ. ಗಟಾರು ತೊಳೆಯುವ ತೀಕ್ಷ್ಣ ಪುಡಿಯನ್ನೂ ಹಾಳೆಯನ್ನೂ ಒಂದೇ ಸೀಸೆಯಲ್ಲಿ ಹಾಕಿ ಬಿರಡೆ ಬಿಗಿದರೆ ಸೀಸೆಯೇ ಸಿಡಿದೀತು. ಹುಡುಗರು ಇಂಥ ಆಟಕ್ಕೆ ಹೋಗಬಾರದು.

ರೊಟ್ಟಿಯನ್ನು ಬಿಸಿಯಿರುವಾಗಲೇ ಹಾಳೆಯಲ್ಲಿ ಸುತ್ತಿದರೆ ಆವಿ ಒಳಗೇ ನೀರಾಗಿ ರೊಟ್ಟಿ ಹಸಿಯಾಗುತ್ತದೆ. ಬಟ್ಟೆ ಆ ತೇವವನ್ನು ಹೀರಿಕೊಳ್ಳುತ್ತದೆ, ಆದರೆ ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಬಿರುಸಾಗುತ್ತದೆ. ಹಾಳೆ ಬಿಸಿಯನ್ನು ತಡೆಯುವದೆಂಬುದು ಅರೆನಿಜ. ಲೋಹವಾದ್ದರಿಂದ ಬಿಸಿ ಅದರ ಮೂಲಕ ಸುಲಭವಾಗಿ ಹಾಯುತ್ತದೆ. ಅದು ತಡೆಯುವದು ಗಾಳಿಯ ಸುಳಿವನ್ನು ಮತ್ತು ಕಿರಣವಾಗಿ ಹೊರಡುವ ಶಾಖವನ್ನು. ನಿಜವಾದ ಕಂಬಳಿ ಎಂದರೆ ಬಟ್ಟೆಯ ಎಳೆಗಳ ನಡುವಿನ ಗಾಳಿ. ಆದ್ದರಿಂದ ಒಳಗೆ ಬಟ್ಟೆ, ಹೊರಗೆ ಹಾಳೆ ಎಂಬ ಕ್ರಮ ಉತ್ತಮ. ಇದನ್ನು ನಾನು ಪುಸ್ತಕದಿಂದ ಹೇಳುವ ಮೊದಲೇ ಅವ್ವ ಮಾಡಿ ನೋಡಿದ್ದಳೆಂಬುದನ್ನು ಒಪ್ಪಿಕೊಳ್ಳಬೇಕು. ಕಟಕ ರೊಟ್ಟಿಗೆ ಯಾವ ಹಾಳೆಯೂ ಬೇಡ.

ಉಳಿದ ಉಪಯೋಗಗಳಲ್ಲಿ ನನ್ನ ಮನಸ್ಸನ್ನು ಗೆದ್ದದ್ದು ಬೆಳ್ಳಿಯನ್ನು ಬೆಳಗುವ ಕೆಲಸ. ಅವ್ವನ ಕಾಲುಂಗುರ, ತಂಗಿಯ ಗೆಜ್ಜೆ ಕರ್ರಗಾಗಿದ್ದವು. ಬೆಳ್ಳಿಯ ಕಪ್ಪು ಹೊಲಸಲ್ಲ. ಗಾಳಿಯಲ್ಲಿಯ ಗಂಧಕ ಬೆಳ್ಳಿಯೊಡನೆ ಕೂಡಿ ಆದ ಪದರು. ಬೂದಿಯಿಂದ ತಿಕ್ಕಿದರೆ, ಅಥವಾ ಅಂಗಡಿಯಲ್ಲಿ ಪಾಲಿಶ್ ಮಾಡಿಸಿದರೆ ಆ ಪದರಿನ ಜೊತೆ ಬೆಳ್ಳಿಯೂ ಸವೆದು ಹೋಗುತ್ತದೆ. ಹಿಂದೊಮ್ಮೆ ಗೆಜ್ಜೆ ಬೆಳಗಿಸಿ ತಂದಾಗ ಅದು ಹಗುರಾಯಿತೆಂದು ಅವ್ವ ಬಹಳ ದಿನ ಮರುಗಿದ್ದಳು. ಇದಕ್ಕೆ ಉಪಾಯ ಹೀಗಿದೆ: ಪಿಂಗಾಣಿ ಇಲ್ಲವೆ ಸ್ಟೀಲಿನ ಪಾತ್ರೆಯ ತಳಕ್ಕೆ ಹಾಳೆಯನ್ನು ಹಾಸಿ, ಅದಕ್ಕೆ ತಗಲುವಂತೆ ಬೆಳ್ಳಿಯ ಒಡವೆಯನ್ನಿಡಬೇಕು, ಒಂದು ಲೀಟರು ಕುದಿಯುವ ನೀರಿಗೆ ಒಂದೊಂದು ಚಮಚ ಅಡಿಗೆ ಸೋಡಾ ಮತ್ತು ಉಪ್ಪು ಕದಡಿ ಮೇಲೆ ಹೊಯ್ಯಬೇಕು. ಕೊಳೆತ ತತ್ತಿಯ ವಾಸನೆ ಸ್ವಲ್ಪ ಬರುತ್ತದೆ. ಅದು ಗಂಧಕವು ಬೆಳ್ಳಿಯನ್ನು ಬಿಟ್ಟುಹೋಗುವ ವಾಸನೆ. ಐದು ಮಿನಿಟಿನಲ್ಲಿ ಬೆಳ್ಳಿ ಬೆಳ್ಳಗಾಗುತ್ತದೆ, ಹಾಳೆ ಮಂಕಾಗುತ್ತದೆ. ಇಲ್ಲಿಯೂ ಗೊಜ್ಜಿನ ಡಬ್ಬಿಯ ತತ್ವವೇ: ಸವೆಯುವದು ಅಲ್ಯುಮಿನಿಯಂ. ಕಪ್ಪಾಗಿದ್ದ ಬೆಳ್ಳಿ ಮರಳಿ ಬೆಳ್ಳಿಯಾಗಿಯೇ ಉಳಿಯುವದರಿಂದ ತೂಕಕ್ಕೆ ನಷ್ಟವಿಲ್ಲ. ಹರಳು ಕೂಡಿಸಿದ ಒಡವೆ, ಚಿನ್ನದ ನೀರು ಕುಡಿಸಿದ್ದು, ಬೇಕೆಂದೇ ಕಪ್ಪು ತುಂಬಿದ ಚಿತ್ರಗೆಲಸ ಇವುಗಳನ್ನು ಇದರಲ್ಲಿ ಹಾಕಬಾರದು. ತಂಗಿಯ ಗೆಜ್ಜೆ ನೋಡಿ ಅಜ್ಜಿ ಸಂತೋಷಪಟ್ಟಳಾದರೂ ತನ್ನ ಲಿಂಗದ ಕರಡಿಗೆಯನ್ನು ಮಾತ್ರ ಕೈಗೆ ಕೊಡಲಿಲ್ಲ.

ಬೆಳ್ಳಿಯ ಮಾತು ಬಂದದ್ದರಿಂದ ಬರ್ಫಿಯ ಮೇಲಿನ ವರ್ಖದ ಬಗ್ಗೆಯೂ ಒಂದು ಮಾತು. ಅದು ಶುದ್ಧ ಬೆಳ್ಳಿಯದಿರಬೇಕೆಂಬುದು ನಿಯಮ. ಅಲ್ಯುಮಿನಿಯಂ ಹಾಕಿ ಮೋಸ ಮಾಡುವದೂ ಉಂಟು. ಬೆರಳಿನಿಂದ ತಿಕ್ಕಿದರೆ ಬೆಳ್ಳಿ ಮಾಯವಾಗುತ್ತದೆ, ಅಲ್ಯುಮಿನಿಯಂ ಚೂರಾಗಿ ಉಳಿಯುತ್ತದೆ. ಬಿಡಿಸಿ ಸುಟ್ಟರೆ ಬೆಳ್ಳಿ ಹೊಳೆಯುವ ಸಣ್ಣ ಗುಂಡಾಗುತ್ತದೆ, ಅಲ್ಯುಮಿನಿಯಂ ಕಪ್ಪುಬೂದಿಯಾಗುತ್ತದೆ.

ಅಪ್ಪನ ಸೈಕಲ್ಲಿನ ಹಿಡಿಕೆಯ ತುಕ್ಕನ್ನು ತೆಗೆಯಲು ಹಾಳೆಯ ಉಂಡೆಯನ್ನು ನೀರಿನಲ್ಲಿ ಅದ್ದಿ ತಿಕ್ಕಿದೆನು. ಕ್ರೋಮಿನ ಲೇಪಕ್ಕಿಂತ ಅಲ್ಯುಮಿನಿಯಂ ಮೆದುವಾದ್ದರಿಂದ ಗೀರು ಬೀಳದೆ ಹಿಡಿಕೆ ಹೊಸದಾಯಿತು. ಹಂಚು ತಿಕ್ಕುವದಕ್ಕೂ ಅದೇ ಉಂಡೆ ಆದೀತು. ಅಂಟದ ಲೇಪವಿರುವ ತವೆಗೆ ಮಾತ್ರ ಬೇಡ. ರಾತ್ರಿ ತ್ರೀಫೇಸ್ ಬಂದಾಗ ಹೊಲಕ್ಕೆ ನೀರು ಬಿಡಲು ಒಯ್ಯುವ ಟಾರ್ಚಿನ ಸ್ಪ್ರಿಂಗ್ ಸಡಿಲಾಗಿತ್ತು. ನಾಲ್ಕು ಮಡಿಕೆಯ ಹಾಳೆಯನ್ನು ಶೆಲ್ಲಿನ ಬುಡಕ್ಕಿಟ್ಟ ಮೇಲೆ ಉರಿಯಿತು. ಕತ್ತರಿಯನ್ನು ಹರಿತ ಮಾಡಲು ಹಾಳೆಯನ್ನು ಕತ್ತರಿಸಬೇಕೆಂದು ಬಹಳ ಜನ ಹೇಳುತ್ತಾರೆ. ಮೆದುವಾದ ಲೋಹ ಉಕ್ಕನ್ನು ಹೇಗೆ ಮಸೆದೀತು? ಅಂಟಿದ ಜಿಗುಟು ಹೋಗಿ ಕತ್ತರಿ ಸರಾಗವಾಗುತ್ತದೆ, ಅಷ್ಟೇ. ನಮ್ಮ ಮನೆಯ ಕತ್ತರಿ ಈಗಲೂ ಮೊಂಡೇ.

ಫ್ಯೂಜಿನ ವಿಷಯವನ್ನು ಮಾತ್ರ ಒತ್ತಿ ಹೇಳುತ್ತೇನೆ. ತಂತಿ ಸಿಗದಿದ್ದಾಗ ಸಿಗರೇಟಿನ ಬೆಳ್ಳಿಕಾಗದವನ್ನೋ ಈ ಹಾಳೆಯನ್ನೋ ಸುರುಳಿ ಮಾಡಿ ಫ್ಯೂಜಿಗೆ ತುರುಕುವದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಫ್ಯೂಜು ತಕ್ಕ ಹೊತ್ತಿಗೆ ಕರಗಬೇಕೆಂದೇ ಇರುವದು. ದಪ್ಪ ಸುರುಳಿ ಕರಗುವದಿಲ್ಲ. ಅದರ ಬದಲು ಗೋಡೆಯೊಳಗಿನ ತಂತಿ ಕಾಯ್ದು ಮನೆಗೆ ಬೆಂಕಿ ಹತ್ತುತ್ತದೆ. ಹಾಗೆ ಮಾಡಿದವರು ಓದಿದವರೇ ಆಗಿದ್ದರು.

ಮೆಣಸಿನ ಸಾಲುಗಳಿಗೆ ಹೊದಿಸುವ ಬೆಳ್ಳಿಬಣ್ಣದ ಹಾಳೆಯನ್ನು ಕೆಲವರು ಅಲ್ಯುಮಿನಿಯಂ ಎಂದುಕೊಂಡಿದ್ದಾರೆ. ಅದು ಪ್ಲಾಸ್ಟಿಕ್. ಆದರೆ ಅದರ ಹಿಂದಿನ ವಿಚಾರ ಅಲ್ಯುಮಿನಿಯಂದೇ: ಮೊದಲು ವಿಜ್ಞಾನಿಗಳು ನಿಜವಾದ ಹಾಳೆಯನ್ನೇ ಗಿಡದ ಬುಡಕ್ಕೆ ಹಾಸಿ, ಕೆಳಗಿನಿಂದ ಬರುವ ಬೆಳಕಿಗೆ ಹೇನು ದಿಕ್ಕು ತಪ್ಪಿ ಗಿಡಕ್ಕೆ ಇಳಿಯುವದು ಕಡಿಮೆಯಾಗುವದನ್ನು ಕಂಡರು. ಹೇನು ಕಡಿಮೆಯಾದರೆ ಅದು ಹೊತ್ತು ತರುವ ನಂಜುರೋಗವೂ ತಡವಾಗುತ್ತದೆ.

ಬಳಸಿದ ಹಾಳೆಯನ್ನು ತಿಪ್ಪೆಗೆ ಒಗೆದರೆ ಅದು ಕೊಳೆಯುವದಿಲ್ಲ. ರೊಟ್ಟಿಯ ವಾಸನೆಗೆ ದನ ನುಂಗುವ ಭಯ ಬೇರೆ. ಅಲ್ಯುಮಿನಿಯಂ ಎಷ್ಟು ಸಲ ಕರಗಿಸಿದರೂ ಅಲ್ಯುಮಿನಿಯಂ ಆಗಿಯೇ ಇರುತ್ತದೆ. ಕರಗಿಸಲು ಬೇಕಾಗುವ ಶಕ್ತಿ, ಅದಿರಿನಿಂದ ತೆಗೆಯುವದರ ನೂರಕ್ಕೆ ಐದು ಪಾಲು ಮಾತ್ರ. ಆದರೆ ಬಿಡಿ ಹಾಳೆಯನ್ನು ಗುಜರಿಯವನು ಕಣ್ಣೆತ್ತಿ ನೋಡುವದಿಲ್ಲ, ತೂಕವೇ ಇಲ್ಲವಲ್ಲ. ಜಿಡ್ಡು ತೊಳೆದು, ಒಣಗಿಸಿ, ಒಂದರ ಮೇಲೊಂದು ಸುತ್ತಿ ಉಂಡೆ ಮಾಡಿಟ್ಟರೆ ತೆಗೆದುಕೊಳ್ಳುತ್ತಾನೆ. ನಮ್ಮ ಮನೆಯ ಮಾಡದಲ್ಲಿ ಅಂಥ ಉಂಡೆಯೊಂದು ಈಗ ಬೇಲದ ಹಣ್ಣಿನಷ್ಟಾಗಿದೆ. ಅದನ್ನು ದಿನಾಲು ಗಟ್ಟಿಯಾಗಿ ಒತ್ತಿಡುವವಳು ಅಜ್ಜಿ.